ಉಪ್ಪಿನ ಗಿಳಿ

ಪಾಲಾರಿವಟ್ಟಂ, ಕೊಚ್ಚಿ
ಡಿಸೆಂಬರ್ 21

ಕೃಪಾ ಚಿಕ್ಕಮ್ಮನಿಗೆ,

ಮೊದಲೇ ಹೇಳಿಬಿಡ್ತೀನಿ, ನನಗೆ ಕನ್ನಡದಲ್ಲಿ ಪತ್ರ ಬರೆದು ಅಭ್ಯಾಸ ಇಲ್ಲ. ಸ್ಕೂಲ್ ಹಾಸ್ಟೆಲ್‌ನಲ್ಲಿ ಪ್ರತಿ ಭಾನುವಾರ ಬರೆಸ್ತಿದ್ದರು, ಆದರೆ ಇಂಗ್ಲಿಷಿನಲ್ಲಿ, ಅದೂ ವಾರ್ಡನ್ ಓದಿದ ಮೇಲೇ ಕವರ್ ಅಂಟಿಸೋದು. ಹಾಗಾಗಿ ಅಷ್ಟು ವರ್ಷ ನಾನು ಮನೆಗೆ ಬರೆದಿದ್ದು ಒಂದೇ ಪತ್ರ: ಐ ಆಮ್ ಫೈನ್, ಫುಡ್ ಈಸ್ ಗುಡ್. ಚಿಕನ್ ಪಾಕ್ಸ್ ಆಗಿ ಸಿಕ್ ರೂಮಲ್ಲಿ ಬಿದ್ದಿದ್ದಾಗಲೂ ಅದೇ.

ಈಗ ನಿಮ್ಮನ್ನ ಅಲ್ಲಿ ನೋಡಿಕೊಳ್ತಿರೋ ತುಂಗಾ ದೊಡ್ಡಮ್ಮನ ಆರ್ಡರ್ ಕೂಡ ಹೆಚ್ಚು ಕಮ್ಮಿ ಹಾಗೇ ಇದೆ. ಹೋದ ವಾರ ಸುಜನ್ ವಿಡಿಯೋ ಕಾಲ್‌ನಲ್ಲಿ "ಅಮ್ಮ ವಾ, ಅಮ್ಮ ವಾ" ಅಂತ ಅತ್ತು, ನಿಮ್ಮ ಬಿಪಿ ಏರಿ, ಥೈರಾಯ್ಡ್ ಆಪರೇಷನ್ನೇ ಮುಂದಕ್ಕೆ ಹೋಯ್ತಲ್ಲ. ಅವತ್ತಿಂದ ಮಕ್ಕಳಿಗೆ ಫೋನ್ ಬಂದ್. "ನೀನು ಪತ್ರ ಬರಿ ಅನ್ವಿತಾ. ಒಳ್ಳೇ ಸುದ್ದಿ ಮಾತ್ರ ಬರಿ. ಗಡ್ಡೆ ಬೆಳೀತಿದೆ, ಇನ್ನೊಂದು ಸಲ ಮುಂದಕ್ಕೆ ಹೋದರೆ ಕಷ್ಟ" ಅಂದರು ದೊಡ್ಡಮ್ಮ. ಇಂಗ್ಲಿಷಿನಲ್ಲಿ ವಾಟ್ಸಾಪ್ ಮಾಡೋಣ ಅಂದರೆ ನಿಮ್ಮ ಮಗಳು ನೇಹಾ ಭುಜದ ಮೇಲಿಂದ ಇಣುಕಿ ಎಲ್ಲ ಓದಿಬಿಡ್ತಾಳೆ. ಎರಡನೇ ಕ್ಲಾಸಿಗೇ ಇಂಗ್ಲಿಷು, ಮಲಯಾಳಂ ಎರಡೂ ಪಟಪಟ. ಕನ್ನಡ ಮಾತ್ರ ಓದೋಕೆ ಬರಲ್ಲ. ನನ್ನನ್ನ ಅಕ್ಕ ಅನ್ನೋದೂ ಮಲಯಾಳಂನಲ್ಲೇ. ಈಗಲೂ ಪಕ್ಕದಲ್ಲೇ ನಿಂತು, "ಚೇಚಿ, ನೀನು ಬರೀತಿದೀಯೋ ಮುರುಕ್ಕು ಒತ್ತುತಿದೀಯೋ?" ಅಂತ ಕೇಳ್ತಿದಾಳೆ.

ಒಳ್ಳೇ ಸುದ್ದಿ: ಇಬ್ಬರೂ ಊಟ ಮಾಡಿದರು. ನನಗೆ ಕಾಲೇಜ್ ಸೆಮ್ ರಜ, ಇವರ ಸ್ಕೂಲಿಗೂ ಕ್ರಿಸ್‌ಮಸ್ ರಜ ಶುರುವಾಯ್ತು. ನಾಳೆಯಿಂದ ಶ್ರೀಹರಿ ಚಿಕ್ಕಪ್ಪ ಬ್ಯಾಂಕಿಗೆ ಹೋದ ಮೇಲೆ ಮನೇಲಿ ದೊಡ್ಡವಳು ಅಂದರೆ ನಾನೇ. ಹಾಸ್ಟೆಲ್‌ನಲ್ಲಿ ಎಲ್ಲದಕ್ಕೂ ಬೆಲ್ ಇತ್ತು. ಇಲ್ಲಿ ಬೆಲ್ಲೇ ಇಲ್ಲ, ಸುಜನ್ ಯಾವಾಗ ಎಲ್ಲಿ ಹತ್ತುತಾನೆ ಗೊತ್ತಾಗಲ್ಲ.

ಕೆಳಗಿನ ಫ್ಲಾಟಿನ ಶೋಶಾಮ್ಮ ಆಂಟಿ "ಮೋಳೇ, ಮಕ್ಕಳ ಕೈಗೆ ಕೆಲಸ ಕೊಡು, ಬಾಯಿ ತಾನಾಗೇ ಮುಚ್ಚುತ್ತೆ" ಅಂದರು. ಅದಕ್ಕೆ ಪ್ಲಮ್ ಕೇಕಿಗೆ ಒಣಹಣ್ಣು ನೆನೆಹಾಕಿದ್ವಿ. ಆಂಟಿ ರಮ್ ಬಾಟಲಿ ಹಿಡಕೊಂಡೇ ಬಂದಿದ್ದರು, ನೇಹಾ ಬಾಗಿಲಲ್ಲೇ ತಡೆದು "ನಮ್ಮನೇಲಿ ಕಿತ್ತಳೆ ಜ್ಯೂಸು" ಅಂದಳು. ಬಣ್ಣದ ಕಾಗದದ ನಕ್ಷತ್ರ ಮಾಡಿ ಬಾಲ್ಕನಿಗೆ ಕಟ್ಟಿದೀವಿ, ಒಂದು ಮೂಲೆ ಮಾತ್ರ ಮೊಂಡು.

ಇದರ ಜೊತೆ ಸುಜನ್ ಕೈ ಇದೆ. ಹಸಿರು ಬಣ್ಣ ಬಳಿದು ಒತ್ತಿಸಿದೆ. ಪ್ರತಿ ಪತ್ರದಲ್ಲೂ ಒಂದು ಕೈ ಬರುತ್ತೆ, ಗೋಡೆಗೆ ಅಂಟಿಸ್ತಾ ಹೋಗಿ, ಕ್ರಿಸ್‌ಮಸ್ ಮರ ಆಗುತ್ತೆ. ಎಡಗೈ ಚಾಚಿದ, ನೇಹಾ ಕೈಮೇಲೆ ಒಂದು ಕೊಟ್ಟಳು. "ಅಮ್ಮಂಗೆ ಯಾರಾದ್ರೂ ಎಡಗೈಲಿ ಕೊಡ್ತಾರಾ?"

ನಿಮ್ಮ
ಅನ್ವಿತಾ


ತುಂಬ, ತಿರುವನಂತಪುರ
ಡಿಸೆಂಬರ್ 22

ಅನ್ವಿತಾ ಪುಟ್ಟಿ,

ಪತ್ರ ಬಂತು, ಕೈಯೂ ಬಂತು. ಕೈ ಗೋಡೆ ಮೇಲಿದೆ. ನಿನ್ನ ಅರ್ಧ ಇಂಗ್ಲಿಷ್ ಕನ್ನಡ ಓದಿ ಅನಂತರಾಮ ಭಾವ ಬಿದ್ದು ಬಿದ್ದು ನಕ್ಕರು. ರಾಕೆಟ್ ಹಾರಿಸೋ ಆಫೀಸಲ್ಲೂ ಹೀಗೆ ಯಾರೂ ಬರೆಯಲ್ವಂತೆ. ನೀನು ಹೀಗೇ ಬರಿ. ಕಾಗುಣಿತ ತಪ್ಪಾದರೆ ನಿನ್ನ ಧ್ವನಿ ಕೇಳಿದ ಹಾಗೇ ಇರುತ್ತೆ.

ನಾನು ಆರಾಮ. ಬೆಳಿಗ್ಗೆ ಸಂಜೆ ತುಂಗಕ್ಕ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡ್ತಾಳೆ, ಪರೀಕ್ಷೆ ಬರೆದ ಹಾಗೆ ಕೂತಿರ್ತೀನಿ. ಹೀಗೇ ಇದ್ದರೆ ಮುಂದಿನ ಸೋಮವಾರ ಆಪರೇಷನ್. ಸಣ್ಣ ಗಡ್ಡೆ, ತೆಗೀತಾರೆ, ಮುಗೀತು.

ಸುಜನ್ "ಅಮ್ಮ ಯಾವಾಗ" ಅಂತ ಕೇಳಿದರೆ ತಾರೀಕು ಹೇಳಬೇಡ, ನಾಲ್ಕು ವರ್ಷದ್ದಕ್ಕೆ ತಾರೀಕು ಏನು ಗೊತ್ತು. ಸಂಕ್ರಾಂತಿಗೆ ಸಕ್ಕರೆ ಅಚ್ಚು ತಿನ್ನೋ ದಿನ ಅಮ್ಮ ಬರ್ತಾಳೆ ಅನ್ನು. ಅದು ಅವನಿಗೆ ಗೊತ್ತು. ಅಜ್ಜಿಯ ಮರದ ಅಚ್ಚುಗಳು ಅಡುಗೆಮನೆ ಸಜ್ಜದ ಮೇಲೆ ಕೆಂಪು ಡಬ್ಬಿಯಲ್ಲಿವೆ, ತೋರಿಸು ಬೇಕಾದರೆ. ಹೋದ ವರ್ಷ ಗಿಳಿಗಳನ್ನೆಲ್ಲ ಅವನೊಬ್ಬನೇ ಮುಗಿಸಿದ.

ಭಯ ಪಡಬೇಡ ಕಣೇ. ಮಕ್ಕಳು ಗಾಜಲ್ಲ.

ಚಿಕ್ಕಮ್ಮ


ಪಾಲಾರಿವಟ್ಟಂ
ಡಿಸೆಂಬರ್ 24, ಮಧ್ಯಾಹ್ನ

ಚಿಕ್ಕಮ್ಮ,

ನಿಮ್ಮ ಪತ್ರ ನಿನ್ನೆ ಬಂತು. ಕೂಡಲೇ ಸುಜನ್‌ಗೆ ಹೇಳಿದೆ, ಸಕ್ಕರೆ ಅಚ್ಚು ತಿನ್ನೋ ದಿನ ಅಮ್ಮ ಬರ್ತಾಳೆ ಅಂತ. ಡಬ್ಬಿ ಇಳಿಸಿ ತೋರಿಸಿದೆ. "ಸತ್ಯಂ?" ಅಂದ. ಸತ್ಯಂ ಅಂದೆ. ರಾತ್ರಿ ಅಳದೇ ಮಲಗಿದ. ಥ್ಯಾಂಕ್ಯೂ ಚಿಕ್ಕಮ್ಮ, ಇದು ಸೂಪರ್ ಐಡಿಯಾ.

ಇವತ್ತು ಇನ್ನೂ ಒಳ್ಳೇ ಸುದ್ದಿ. ಕೇಕಿಗೆ ಸಕ್ಕರೆ ಕರಗಿಸಿ ಸುಡಬೇಕು ಅಂದರು ಆಂಟಿ, ನನಗೆ ಕುದಿಯೋ ಪಾಕ ಅಂದರೇ ಭಯ, ಮಕ್ಕಳು ಕಾಲ ಹತ್ತಿರಾನೇ ಇರ್ತಾರೆ. ಅದಕ್ಕೆ ಕೇಕ್ ಕೆಲಸ ಆಂಟಿಗೆ ಬಿಟ್ಟು ನಾನು ಒಂದು ಸೇಫ್ ಆಕ್ಟಿವಿಟಿ ಹುಡುಕಿದೆ. ಮೈದಾ, ಪುಡಿ ಉಪ್ಪು, ನೀರು ಕಲಸಿದ ಹಿಟ್ಟು. ಬೆಂಕಿ ಇಲ್ಲ, ಚಾಕು ಇಲ್ಲ, ಬಣ್ಣ ಇಲ್ಲ. ಹಿಟ್ಟಿಂದ ಬೊಂಬೆ ಮಾಡಿ ಒಣಗಿಸಿ ದಾರ ಕಟ್ಟಿ ನೇತುಹಾಕೋದು. ಉಪ್ಪು ಜಾಸ್ತಿ ಹಾಕಿದರೆ ಗಟ್ಟಿ ಆಗುತ್ತಂತೆ, ಹೆಚ್ಚೇ ಸುರಿದೆ. ಎಲ್ಲ ಅಡುಗೆಮನೆ ಸಾಮಾನೇ ತಾನೆ.

ಆಕಾರಕ್ಕೆ ಏನು ಮಾಡೋದು ಅಂತ ಯೋಚಿಸ್ತಿದ್ದೆ, ಎದುರಿಗೇ ಅಜ್ಜಿ ಅಚ್ಚಿನ ಡಬ್ಬಿ! ಒತ್ತಿ ತೆಗೆದರೆ ಎಷ್ಟು ಚೆನ್ನಾಗಿ ಬಂತು ಗೊತ್ತಾ, ಆನೆ, ಮೀನು, ಗಿಳಿ, ತುಳಸಿ ಕಟ್ಟೆ. ಬೆಳ್ಳಗೆ, ಥೇಟ್ ಸಕ್ಕರೆ ಅಚ್ಚೇ. ನೇಹಾ ಬಾಲ್ಕನೀಲಿ ಪೇಪರ್ ಮೇಲೆ ಸಾಲಾಗಿ ಇಟ್ಟಿದಾಳೆ. ಸುಜನ್ ಅವುಗಳ ಪಕ್ಕ ಕೂತು ಕದಲ್ತಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ನಾನು ಕೂತು ಟೀ ಕುಡಿದೆ.

ಹಸಿರು ಕೈ ಇಟ್ಟಿದೀನಿ. ಈಗ ಕೊರಿಯರ್ ಹುಡುಗ ಬರ್ತಾನೆ, ನಿಲ್ಲಿಸ್ತೀನಿ. ಸುಜನ್ ನೀರು ಕೇಳ್ತಾನೇ ಇದಾನೆ, ಬಿಸಿಲಲ್ಲಿ ಕೂತಿದ್ದಕ್ಕೆ ಇರಬೇಕು.

ಅನ್ವಿತಾ


ಡಿಸೆಂಬರ್ 26

ಪ್ರೀತಿಯ ಚಿಕ್ಕಮ್ಮನಿಗೆ ನಮಸ್ಕಾರಗಳು.

ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ಹಬ್ಬವು ಚೆನ್ನಾಗಿ ನಡೆಯಿತು. ಶೋಶಾಮ್ಮ ಅವರು ಮಾಡಿದ ಸಿಹಿತಿಂಡಿ ಬಹಳ ರುಚಿಯಾಗಿತ್ತು. ಮಕ್ಕಳು ಸಂತೋಷವಾಗಿದ್ದಾರೆ. ನೀವು ನಿಶ್ಚಿಂತೆಯಿಂದ ವಿಶ್ರಾಂತಿ ಪಡೆಯಿರಿ. ಸುಜನ್ ತನ್ನ ಕೈಯ ಗುರುತನ್ನು ಕಳುಹಿಸಿದ್ದಾನೆ.

ಇಂತಿ,
ಅನ್ವಿತಾ


ತುಂಬ
ಡಿಸೆಂಬರ್ 27, ಬೆಳಿಗ್ಗೆ

ಅನ್ವಿತಾ,

ನಿನ್ನ ಪತ್ರ ಈಗ ತಾನೇ ಬಂತು. ಇದು ನೀನು ಬರೆದಿದ್ದಲ್ಲ, ನಿನ್ನ ಹಾಸ್ಟೆಲ್ ಬರೆದಿದ್ದು. ಒಂದು ಇಂಗ್ಲಿಷ್ ಮಾತಿಲ್ಲ, ಒಂದು ಕಾಗುಣಿತ ತಪ್ಪಿಲ್ಲ. ಆ ಕೈ ಎಡಗೈ. ಬಲಗೈಗೆ ಏನಾಗಿದೆ? ಹಸಿರು ಬಣ್ಣ ಎಲ್ಲಿ ಹೋಯ್ತು? ಇದು ನೇರಳೆ ಶಾಯಿ, ಆಫೀಸಲ್ಲಿ ಸೀಲ್ ಒತ್ತೋ ಪ್ಯಾಡಿನದು. ನಮ್ಮನೇಲಿ ಅಂಥ ಪ್ಯಾಡ್ ಇಲ್ಲ.

ನಿನಗೆ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಇವರಿಗೆ ಮಾಡಿದೆ. "ಎಲ್ಲ ಓಕೆ ಕೃಪಾ, ನೀನು ಟೆನ್ಷನ್ ತಗೋಬೇಡ" ಅಂದರು, ಸಾಲ ಸಿಗದ ಕಸ್ಟಮರ್ ಹತ್ತಿರ ಮಾತಾಡೋ ಧ್ವನಿಯಲ್ಲಿ. ಮಗೂನ ತೋರಿಸಿ ಅಂದರೆ ಮಲಗಿದಾನೆ ಅಂದರು. ಈ ಹೊತ್ತಲ್ಲಿ ಸುಜನ್ ಯಾವತ್ತು ಮಲಗಿದಾನೆ?

ಅಕ್ಕನಿಗೆ ಹೇಳಿಲ್ಲ. ಹೇಳಿದರೆ ಪಟ್ಟಿ ತಂದು ಸುತ್ತುತಾಳೆ. ಗೋಡೆ ಮೇಲೆ ಎರಡು ಹಸಿರು ಕೈ ಇವೆ, ಅದನ್ನೇ ನೋಡ್ತಾ ಕೂತಿದೀನಿ. ನೀನು ಹೇಳದೇ ಇದ್ದರೆ ನನ್ನ ತಲೆಯೇ ಹೇಳುತ್ತೆ, ಅದು ಹೇಳೋದು ಏನು ಅಂತ ಬರೆಯಲಾರೆ.

ಭಾವನ ಆಫೀಸಿನ ಓಂಕಾರಪ್ಪನವರು ಈಗ ಎರ್ನಾಕುಲಂಗೆ ಹೊರಟಿದಾರೆ, ಕೆಲಸ ಮುಗಿಸಿ ರಾತ್ರಿ ರೈಲಿಗೆ ವಾಪಸು. ಅವರ ಕೈಲೇ ಉತ್ತರ ಕೊಡು. ನಿಜ ಬರಿ. ನನ್ನ ಮಗು ಇದೆಯಾ?

ಕೃಪಾ


ಪಾಲಾರಿವಟ್ಟಂ
ಡಿಸೆಂಬರ್ 27, ಸಂಜೆ

ಚಿಕ್ಕಮ್ಮ, ಇದಾನೆ. ಮನೇಲಿ ಇದಾನೆ. ಚಿಕ್ಕಪ್ಪನ ತೊಡೆ ಮೇಲೆ ಮಲಗಿ ಕಾರ್ಟೂನ್ ನೋಡ್ತಿದಾನೆ. ಇವತ್ತು ಮಧ್ಯಾಹ್ನ ಡಿಸ್ಚಾರ್ಜ್ ಮಾಡಿದರು. ಇದನ್ನ ಮೊದಲು ಓದಿ, ಆಮೇಲೆ ಮಿಕ್ಕಿದ್ದು ಓದಿ.

ಓಂಕಾರಪ್ಪ ಅಂಕಲ್ ಹೊರಗೆ ಕೂತಿದಾರೆ, ಅವಸರದಲ್ಲಿ ಬರೀತಿದೀನಿ, ಅಕ್ಷರ ಹೇಗಿದ್ದರೂ ಕ್ಷಮಿಸಿ.

ಆ ಉಪ್ಪಿನ ಬೊಂಬೆ ತಿಂದುಬಿಟ್ಟ. ನಾನು ಟೀ ಕುಡೀತಾ ನಿಮಗೆ ಬರೀತಿದ್ದೆನಲ್ಲ, ಆಗಲೇ. ಮೊದಲು ವಾಂತಿ ಮಾಡಿದ. ಕೇಕ್ ಹಿಟ್ಟು ನೆಕ್ಕಿರಬೇಕು ಅಂದುಕೊಂಡು ನೀರು ಕೊಟ್ಟು ಮಲಗಿಸಿದೆ. ಸ್ವಲ್ಪ ಹೊತ್ತಿಗೆ ಕರೆದರೆ ನನ್ನ ಕಡೆ ತಿರುಗಿದ, ಆದರೆ ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ. ಚಿಕ್ಕಮ್ಮ, ಆ ಕಣ್ಣು. ನಾನು ಕಿರುಚಿದೆ. ಶೋಶಾಮ್ಮ ಆಂಟಿ ಕೈಯಲ್ಲಿ ಮೈದಾ ಮೆತ್ತಿಕೊಂಡೇ ಬಂದು ಅವನನ್ನ ಎತ್ತಿಕೊಂಡು ಓಡಿದರು, ಅವರ ಮಗ ಕಾರು ತೆಗೆದ. ಜಂಕ್ಷನ್ನಲ್ಲಿ ಹಬ್ಬದ ಟ್ರಾಫಿಕ್, ಎಲ್ಲ ಅಂಗಡಿ ಮುಂದೆ ನಕ್ಷತ್ರ ಮಿಣುಕ್ತಿತ್ತು, ಯಾರೂ ಜಾಗ ಬಿಡಲಿಲ್ಲ.

ಈಗ ಬರೆಯೋದನ್ನ ಚಿಕ್ಕಪ್ಪನಿಗೂ ನಾನು ಹೇಳಿಲ್ಲ. ಡಾಕ್ಟರ್ ಕೇಳಿದರು, ಏನು ತಿಂದ ಅಂತ. ನಾನು ಏನೂ ಇಲ್ಲ, ಅನ್ನ ಮಾತ್ರ ಅಂದೆ. ಹಿಟ್ಟಿನ ನೆನಪು ಬಂದಿತ್ತು ಚಿಕ್ಕಮ್ಮ, ಆದರೂ ಬಾಯಿ ಏನೂ ಇಲ್ಲ ಅಂದುಬಿಡ್ತು. ನೇಹಾ ನನ್ನ ಚೂಡಿದಾರ್ ಹಿಡಕೊಂಡು ನಿಂತಿದ್ದಳು. ಅವಳೇ ಹೇಳಿದ್ದು, "ಚೇಚಿ ಮಾಡಿದ ಉಪ್ಪಿನ ಗಿಳಿ ಒಂದೂ ಇಲ್ಲ." ಡಾಕ್ಟರ್ ನನ್ನ ಮುಖ ನೋಡಿದರು. ಆಮೇಲೆ ಎಲ್ಲರೂ ಓಡಿದರು.

ರಕ್ತದಲ್ಲಿ ಉಪ್ಪು ಏರಿತ್ತಂತೆ. ಮಿದುಳಿಗೆ ಹೋಗಬಹುದಿತ್ತು ಅಂದರು. ಒಮ್ಮೆಗೇ ಇಳಿಸಿದರೂ ಅಪಾಯವಂತೆ, ಮೆಲ್ಲಗೆ ಇಳಿಸಬೇಕು. ಹಾಗಾಗಿ ಬಲಗೈಗೆ ಡ್ರಿಪ್. ಅವನು "ವೆಳ್ಳಂ ಚೇಚಿ, ವೆಳ್ಳಂ" ಅಂತ ಬೇಡ್ತಾನೆ, ನಾವು ಲೋಟದಲ್ಲಿ ನೀರು ಕೊಡೋ ಹಾಗಿಲ್ಲ. ಒದ್ದೆ ಹತ್ತಿ ತುಟಿಗೆ ಒತ್ತುತಿದ್ದೆ. ಮಾರನೇ ದಿನ ಅವನ ಕಣ್ಣು ನನ್ನ ಮೇಲೆ ನಿಂತಿತು. ನಿನ್ನೆ ಕೂತು ಗಂಜಿ ಕುಡಿದ. ಆಗ ಚಿಕ್ಕಪ್ಪ "ಸೋಮವಾರದ ತನಕ ಕೃಪಾಗೆ ಗೊತ್ತಾಗಬಾರದು" ಅಂದರು, ನಾನು ಆ ಪತ್ರ ಬರೆದೆ. ಕೈ ಇಲ್ಲದೇ ಹೋದರೆ ನೀವು ಹೆದರ್ತೀರ ಅಂತ ನರ್ಸ್ ಹತ್ತಿರ ಸ್ಟಾಂಪ್ ಪ್ಯಾಡ್ ಕೇಳಿದೆ.

ಇನ್ನೊಂದು ಇದೆ. ಅಷ್ಟು ಉಪ್ಪಿದ್ದರೂ ಯಾಕೆ ಉಗೀಲಿಲ್ಲ ಕಣೋ ಅಂತ ನಿನ್ನೆ ಕೇಳಿದೆ. "ಉಪ್ಪಾಣ್" ಅಂದ, ಉಪ್ಪೇ ಅಂತ, ಅವನಿಗೂ ಗೊತ್ತಿತ್ತು. ಆಮೇಲೆ ಕೇಳಿದ, "ಎಲ್ಲ ತಿಂದೆ. ಇನಿ ಅಮ್ಮ ವರುಮಲ್ಲೋ?" ಇನ್ನು ಅಮ್ಮ ಬರ್ತಾಳಲ್ವಾ ಅಂತ.

ನಾನು ಬ್ಯಾಗ್ ಪ್ಯಾಕ್ ಮಾಡಿ ಬಾಗಿಲ ಹತ್ತಿರ ಇಟ್ಟಿದೀನಿ. ನೀವು ಹೇಳಿದ ಕೂಡಲೇ ಕಾಲೇಜ್ ಹಾಸ್ಟೆಲ್‌ಗೆ ಹೋಗಿಬಿಡ್ತೀನಿ. ನನ್ನ ಹತ್ತಿರ ಮಕ್ಕಳನ್ನ ಬಿಡಬೇಡಿ. ಅಚ್ಚುಗಳನ್ನೆಲ್ಲ ಕಸದ ಕವರಿಗೆ ಹಾಕಿದೀನಿ, ನೋಡೋಕಾಗ್ತಿಲ್ಲ.

ಅನ್ವಿತಾ


ತುಂಬ
ಡಿಸೆಂಬರ್ 28

ಅನ್ವಿತಾ,

ನಿನ್ನ ಪತ್ರ ಓದಿದೆ. ಇವರಿಗೆ ಫೋನ್ ಮಾಡಿ ಮಗೂನ ನೋಡಿದೆ, ಅವನಿಗೆ ನನ್ನ ಮುಖ ಕಾಣದ ಹಾಗೆ ಕ್ಯಾಮೆರಾ ಮುಚ್ಚಿಕೊಂಡು. ಕೈಗೆ ಇನ್ನೂ ಪ್ಲಾಸ್ಟರ್ ಇದೆ. ಅಕ್ಕನಿಗೂ ನಿನ್ನ ಪತ್ರ ಕೊಟ್ಟೆ. "ಅದಕ್ಕೇ ಒಳ್ಳೇದು ಮಾತ್ರ ಬರಿ ಅಂದಿದ್ದು" ಅಂತ ಅವಳು ಶುರು ಮಾಡಿದಳು, ಅರ್ಧಕ್ಕೇ ಅತ್ತಳು. ನನ್ನ ಬಿಪಿ ಏರಿದೆ. ಡಾಕ್ಟರಿಗೆ ಕಾರಣ ಹೇಳಿದೆ. ನಾಳೆ ಬೇಡ, ಮಾತ್ರೆ ಹೆಚ್ಚಿಸಿ ಬುಧವಾರ ನೋಡೋಣ ಅಂದರು. ಆಪರೇಷನ್ ಕೈಬಿಡಲಿಲ್ಲ.

ಪರವಾಗಿಲ್ಲ ಅಂತ ನಾನು ಬರೆಯಲ್ಲ. ನಿನ್ನ ಮೇಲೆ ಸಿಟ್ಟಿದೆ. ಡಾಕ್ಟರ್ ಮುಂದೆ ಬಾಯಿ ಮುಚ್ಚಿಕೊಂಡೆಯಲ್ಲ, ಅದಕ್ಕೆ. ಆ ಸಿಟ್ಟು ಇನ್ನೂ ಸ್ವಲ್ಪ ದಿನ ಇರುತ್ತೆ, ನೀನು ಅದರ ಜೊತೆ ಇರಬೇಕು. ಆದರೆ ಅಚ್ಚು ತಿನ್ನೋ ದಿನ ಅಮ್ಮ ಬರ್ತಾಳೆ ಅನ್ನೋ ಮಾತು ನನ್ನದು. ಯಾವಾಗ ಬರ್ತೀನಿ ಅಂತ ನನಗೇ ಗೊತ್ತಿಲ್ಲದಾಗ ಹೇಳಿದ ಮಾತು. ಅದನ್ನ ಅವನು ಉಪ್ಪಿನ ಜೊತೆ ನುಂಗಿದ.

ನಾನೂ ನಿನಗೆ ಸುಳ್ಳು ಬರೆದಿದ್ದೆ. ಸಣ್ಣ ಗಡ್ಡೆ ಅಲ್ಲ ಅದು. ಧ್ವನಿಯ ನರಕ್ಕೆ ಅಂಟಿಕೊಂಡಿದೆ. ಎದ್ದ ಮೇಲೆ ಮಾತು ಬರುತ್ತಾ ಅಂದರೆ ಡಾಕ್ಟರ್ ಛಾವಣಿ ನೋಡ್ತಾರೆ. ಸುಜನ್ ಕಥೆ ಕೇಳದೇ ಮಲಗಲ್ಲ. ನನಗೆ ತುಂಬ ಭಯ ಪುಟ್ಟಿ.

ಬ್ಯಾಗ್ ಬಿಚ್ಚು. ಬುಧವಾರ ಇವರು ಇಲ್ಲಿಗೆ ಬರ್ತಾರೆ, ಮಕ್ಕಳ ಹತ್ತಿರ ನೀನೇ ಇರಬೇಕು, ಶೋಶಾಮ್ಮ ಅವರು ಜೊತೆಗಿರ್ತೀನಿ ಅಂದಿದಾರೆ. ನಿನ್ನ ಅಷ್ಟು ಕೆಟ್ಟ ಪತ್ರ ಓದಿದ ಮೇಲೆ ನನಗೆ ನಿನ್ನ ಮೇಲೆ ನಂಬಿಕೆ ಬಂದಿದೆ. ಅಚ್ಚುಗಳನ್ನ ಕವರಿಂದ ತೆಗಿ. ನೀರಲ್ಲಿ ನೆನೆಹಾಕು, ದಿನಾ ನೀರು ಬದಲಾಯಿಸು, ಉಪ್ಪೆಲ್ಲ ಬಿಡಲಿ. ನಾನು ಬಂದರೂ ಬರದಿದ್ದರೂ ಸಂಕ್ರಾಂತಿಗೆ ಸಕ್ಕರೆ ಹುಯ್ಯಿ.

ಚಿಕ್ಕಮ್ಮ


ಪಾಲಾರಿವಟ್ಟಂ
ಜನವರಿ 3

ಚಿಕ್ಕಮ್ಮ,

ಆಪರೇಷನ್ ಆಯ್ತು ಅಂತ ಚಿಕ್ಕಪ್ಪ ಹೇಳಿದರು. ಧ್ವನಿ ಬಗ್ಗೆ ಕೇಳಿದರೆ "ಡಾಕ್ಟರ್ ರೆಸ್ಟ್ ಅಂದಿದಾರೆ" ಅಂತಾರೆ. ಆ ಕಸ್ಟಮರ್ ಧ್ವನಿ ನನಗೂ ಈಗ ಗುರುತಾಗುತ್ತೆ. ನಿಮ್ಮಿಂದ ಪತ್ರ ಇಲ್ಲ. ದಿನಾ ಕೆಳಗೆ ಹೋಗಿ ಲೆಟರ್ ಬಾಕ್ಸ್ ನೋಡಿ ಬರ್ತೀನಿ.

ಇಲ್ಲಿ ನಿಜ ಏನು ಅಂದರೆ, ಸುಜನ್ ಬಿಳೀದು ಏನೂ ತಿಂತಿಲ್ಲ. ಇಡ್ಲಿ ಬೇಡ, ಅಪ್ಪಂ ಬೇಡ, ಮೊಸರು ಬೇಡ. ತಟ್ಟೆ ತಳ್ಳಿ "ಉಪ್ಪಾಣೋ?" ಅಂತ ಕೇಳ್ತಾನೆ. ಶೋಶಾಮ್ಮ ಆಂಟಿ "ಬೇಡದಿದ್ದರೆ ಕೇಕ್ ತಿನ್ನೋ ಕಳ್ಳಾ, ಕರ್ರಗಿದೆ" ಅಂತ ಕೇಕ್ ಕೊಟ್ಟೇ ಬದುಕಿಸಿದಾರೆ. ಅಚ್ಚು ಬಕೆಟ್ಟಿನಲ್ಲಿದೆ. ನೀರು ಬದಲಾಯಿಸೋವಾಗೆಲ್ಲ ನಾಲಿಗೆಗೆ ಹಚ್ಚಿ ನೋಡ್ತೀನಿ. ನಿನ್ನೆವರೆಗೂ ಉಪ್ಪಿತ್ತು.

ಒಂದು ಸಾಲು ಬರೀರಿ. ಕೆಟ್ಟದಾದರೂ ಸರಿ.

ಅನ್ವಿತಾ


ತುಂಬ
ಜನವರಿ 7

ಪುಟ್ಟಿ,

ಗಡ್ಡೆ ಹೋಯ್ತು. ಧ್ವನಿಯೂ ಹೋಯ್ತು. ಬಾಯಿ ತೆರೆದರೆ ಗಾಳಿ ಬರುತ್ತೆ, ಗಾಳಿ ಒಳಗೆ ಏನೋ ಗೀರಿದ ಹಾಗೆ. ಕಿವಿ ಹತ್ತಿರ ತಂದರೆ ಅಕ್ಕನಿಗೆ ಅರ್ಥವಾಗುತ್ತೆ. ತಿಂಗಳಲ್ಲಿ ಬರಬಹುದು, ವರ್ಷವಾಗಬಹುದು, ಬರದೇನೂ ಇರಬಹುದು ಅಂತಾರೆ. ಇಷ್ಟು ದಿನ ಇದನ್ನ ಬರೆಯೋಕೆ ಕೈ ಬರಲಿಲ್ಲ.

ಸಂಕ್ರಾಂತಿಗೆ ಬರೋಕೆ ಆಗಲ್ಲ. ಹಬ್ಬ ಆದಮೇಲೆ ಶನಿವಾರ ಬಿಡ್ತಾರೆ. ಸುಜನ್‌ಗೆ ಏನೂ ಹೇಳಬೇಡ, ನಾನೇ ಬಂದು ಹೇಳ್ತೀನಿ.

ಬಂದು ಯಾವುದರಲ್ಲಿ ಹೇಳಲಿ. ನೀನೇ ಹೇಳು.

ಕೃಪಾ


ಪಾಲಾರಿವಟ್ಟಂ
ಜನವರಿ 13

ಚಿಕ್ಕಮ್ಮ,

ಇವತ್ತು ಅಚ್ಚು ಹುಯ್ದ್ವಿ.

ಹಬ್ಬ ಇನ್ನೂ ಬಂದಿಲ್ಲ, ಗೊತ್ತು. ಹಬ್ಬದ ದಿನವೇ ಹುಯ್ದರೆ ಸುಜನ್ ಬಾಗಿಲು ನೋಡ್ತಾ ಕೂರ್ತಾನೆ ಅಂತ ಭಯವಾಯ್ತು. ಮಕ್ಕಳಿಬ್ಬರನ್ನೂ ಹೊಸ್ತಿಲ ಆಚೆ ಕೂರಿಸಿ, ನೇಹಾಗೆ ತಮ್ಮನ ಅಂಗಿ ಹಿಡಕೊಳ್ಳೋಕೆ ಹೇಳಿ, ನಾನೇ ಪಾಕ ಮಾಡಿದೆ. ಶೋಶಾಮ್ಮ ಆಂಟಿ ಪಕ್ಕದಲ್ಲಿ ನಿಂತು "ಇದಕ್ಕೆ ಮೊಟ್ಟೆ ಬೇಡ, ಬೆಣ್ಣೆ ಬೇಡ, ಇದೆಂಥ ಕ್ರಿಸ್‌ಮಸ್ಸು ನಿಮ್ಮದು!" ಅಂತ ಗೊಣಗ್ತಾನೇ ಅಚ್ಚಿಗೆ ದಾರ ಸುತ್ತಿ ಕೊಟ್ಟರು. ಆನೆಯ ಸೊಂಡಿಲು ಮುರೀತು. ಗಿಳಿ ಮಾತ್ರ ಪೂರ್ತಿ ಬಂತು.

ತಟ್ಟೆ ಮುಂದಿಟ್ಟರೆ ಸುಜನ್ ಗೋಡೆಗೆ ಅಂಟಿಕೊಂಡ. "ಉಪ್ಪಾಣೋ?" ಅಂದ. ಆನೆ ಕಾಲು ಮುರಿದು ನಾನು ತಿಂದೆ, ನೇಹಾ ತಿಂದಳು, ಆಂಟಿ ತಿಂದು ಕಣ್ಣು ಹೊಡೆದರು. ತುಂಬ ಹೊತ್ತಾದ ಮೇಲೆ ಬಂದು ಗಿಳಿಯನ್ನ ಕೈಗೆ ತಗೊಂಡ. ತಿನ್ನಲಿಲ್ಲ. ನನ್ನ ಮುಖ ನೋಡಿ ಕೇಳಿದ, "ಇದು ತಿಂದ್ರೆ ಅಮ್ಮ ವರುಮೋ?"

ಹೂಂ ಅಂದಿದ್ದರೆ ಆಗಲೇ ತಿಂತಿದ್ದ ಚಿಕ್ಕಮ್ಮ. ಬಾಯಿ ತುದಿಗೆ ಬಂದಿತ್ತು.

ನೀವು ಏನೂ ಹೇಳಬೇಡ ಅಂದಿದ್ದಿರಿ, ಆದರೂ ಇಲ್ಲ ಪುಟ್ಟಾ, ಅಂದೆ. ಗಿಳಿ ತಿಂದರೆ ಅಮ್ಮ ಬರಲ್ಲ. ತಿನ್ನದೇ ಇದ್ದರೂ ಅಮ್ಮ ಬರ್ತಾಳೆ, ಶನಿವಾರ, ರೈಲಲ್ಲಿ. ಅಮ್ಮನ ಗಂಟಲಿಗೆ ನೋವಾಗಿದೆ, ಧ್ವನಿ ಹೋಗಿದೆ. ಯಾವಾಗ ಬರುತ್ತೋ ಯಾರಿಗೂ ಗೊತ್ತಿಲ್ಲ. ಕಥೆ ಕೇಳಬೇಕಾದರೆ ಅವಳ ಬಾಯಿ ಹತ್ತಿರ ಕಿವಿ ಇಡಬೇಕು.

ಅಳ್ತಾನೆ ಅಂತ ಕಾದೆ. ಅಳಲಿಲ್ಲ. "ನನ್ನ ಕಿವಿ ದೊಡ್ಡದು" ಅಂದ, ಕನ್ನಡದಲ್ಲಿ. ಆಮೇಲೆ ಗಿಳಿಯ ಬಾಲ ಕಚ್ಚಿದ. ಮುಖ ಹಿಂಡಿದ, ನಾನು ಉಗಿಸೋಕೆ ಕೈ ಚಾಚಿದೆ. ನಿಧಾನಕ್ಕೆ ಚೀಪಿದ. ನನ್ನ ಕುತ್ತಿಗೆ ಎಳೆದು ಕಿವಿಗೆ ಬಾಯಿಟ್ಟು, ಬರೀ ಗಾಳಿಯಲ್ಲಿ ಹೇಳಿದ, "ಮಧುರಂ."

ನೇಹಾ "ಜೋರಾಗಿ ಹೇಳೋ, ಕೇಳಿಸ್ತಿಲ್ಲ" ಅಂದಳು. ಅವನು ಬಾಯಿ ಮೇಲೆ ಬೆರಳಿಟ್ಟುಕೊಂಡ. ಆಗಿಂದ, ಅಂದರೆ ಬೆಳಿಗ್ಗೆಯಿಂದ, ಮನೇಲಿ ಎಲ್ಲರೂ ಪಿಸುಗುಡ್ತಾ ಇದೀವಿ. ಚಿಕ್ಕಪ್ಪ ಬಂದವರೇ ಗಾಬರಿಯಾಗಿ "ಏನಾಯ್ತು, ಯಾರಿಗೇನಾಯ್ತು?" ಅಂದರು.

ನನಗೆ ಭಯ ಹೋಗಿಲ್ಲ. ಉಪ್ಪಿನ ಡಬ್ಬಿ ಸಜ್ಜದ ಮೇಲಿದೆ, ಸಾರಿಗೆ ಬೇಕಾದಾಗೆಲ್ಲ ಸ್ಟೂಲ್ ಹತ್ತುತೀನಿ. ಶನಿವಾರ ನಿಮ್ಮ ಮುಖ ಹೇಗೆ ನೋಡಲಿ ಅನ್ನೋ ಭಯವೂ ಇದೆ. ಸ್ಟೇಷನ್ನಿಗೆ ಬರ್ತೀನಿ.

ಹಸಿರು ಕೈ ಇಟ್ಟಿದೀನಿ, ಬಲಗೈ. ಮಣಿಕಟ್ಟಿನ ಹತ್ತಿರ ಸೂಜಿ ಚುಚ್ಚಿದ ಗುರುತು ಇನ್ನೂ ಇದೆ, ಬಣ್ಣದಲ್ಲಿ ಕಾಣಲ್ಲ.

ಗಿಳಿಯ ತಲೆ ನಿಮಗಂತೆ. ತಟ್ಟೆಗೆ ವಾಪಸು ಇಟ್ಟ, ಯಾರೂ ಮುಟ್ಟಬಾರದು ಅಂದ. ಇರುವೆ ಹತ್ತದ ಹಾಗೆ ನೀರು ತುಂಬಿದ ತಟ್ಟೆಯ ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಇಟ್ಟಿದೀನಿ.

ಅನ್ವಿತಾ